ಆರನೆಯ ಸೂನೆ

ಸಂಜೆ ಸ್ವಿಚ್ ಒತ್ತಿ ಲೈಟು ಹತ್ತಿದೊಡನೆ ಅಮ್ಮಮ್ಮ ಬಲ್ಬಿಗೆ ಕೈ ಮುಗಿಯುತ್ತಿದ್ದಳು. ಸಂಸ್ಕೃತ ಓದಿ ಬುದ್ಧಿ ಬಲಿತಿದೆ ಎಂದುಕೊಂಡಿದ್ದ ನಾನು ಒಮ್ಮೆ ನಕ್ಕುಬಿಟ್ಟೆ. "ನೆಗ್ಯಾಡಡ ಮಾಣಿ, ನಮ್ಮನೆ ಮುಳುಗ್ಸಿದ ನೀರೇಯ ಅಲ್ಲಿ ಉರಿತಾ ಇಪ್ದು" ಎಂದಳು.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನನಗಾಗ ಆರು ವರ್ಷ. ಹಿತ್ತಾಳೆ ಹಂಡೆ, ಬಾಗಿಲ ದಾರಂದ, ದೇವರ ಪೆಟ್ಟಿಗೆ ಎಲ್ಲವೂ ಗಾಡಿ ಏರಿದವು. ಅಡುಗೆಮನೆ ಪಕ್ಕದ ನೆಲದಲ್ಲಿ ಹೂತಿದ್ದ ಒರಳು ಮಾತ್ರ ಮೇಲೇಳಲಿಲ್ಲ. ಅಲ್ಲಿಂದ ಮುಂದೆ ನಾವು 'ಮುಳುಗಡೆಯವರು'. ಆ ನೀರು ಇಂದು 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರವನ್ನು ತಿರುಗಿಸುತ್ತಿದ್ದರೆ, ನಮ್ಮ ಹೊಸ ಮನೆಗೆ ಕರೆಂಟು ಬರುವ ಹೊತ್ತಿಗೆ ನಾನು ಹೈಸ್ಕೂಲು ಸೇರಿದ್ದೆ. ಅಲ್ಲಿಯವರೆಗೂ ಚಿಮಣಿ ಬುಡ್ಡಿಯೇ.

ಮನುಸ್ಮೃತಿಯಲ್ಲಿ ನಾನು ಒಪ್ಪದ್ದು ಬಹಳವಿದೆ. ಆದರೆ ಅದರ ಒಂದು ಮಾತು ಮಾತ್ರ ಬೆನ್ನು ಬಿಟ್ಟಿಲ್ಲ. ಪ್ರತಿ ಮನೆಯಲ್ಲೂ ಐದು ಸೂನೆಗಳು, ಅಂದರೆ ಕೊಲ್ಲುವ ಜಾಗಗಳು ಇವೆಯಂತೆ: ಒಲೆ, ಬೀಸುಕಲ್ಲು, ಕಸಬರಿಗೆ, ಒರಳು, ನೀರಿನ ಕೊಡ. ಸೂನೆಯೆಂದರೆ ಕಟುಕನ ಕಟ್ಟೆ. ಹೊಟ್ಟೆಗೆ ಹಾಕಿಕೊಳ್ಳಲು ಹೊರಟವನ ಕೈಯಲ್ಲಿ ಏನಾದರೊಂದು ಸಾಯುತ್ತದೆ. ಹಾಗೆಂದು ಒಲೆ ಆರಿಸು ಅನ್ನುವುದಿಲ್ಲ ಶಾಸ್ತ್ರ. ದಿನಾ ತೀರಿಸು ಅನ್ನುತ್ತದೆ. ಪಂಚಮಹಾಯಜ್ಞಗಳು ಇರುವುದೇ ಅದಕ್ಕೆ. ಅಮ್ಮಮ್ಮನಿಗೆ ಈ ಶ್ಲೋಕ ಗೊತ್ತಿರಲಿಲ್ಲ, ಆದರೆ ಕಾವಲಿಯ ಮೊದಲ ದೋಸೆ ಹಸುವಿಗೆ ಹೋಗುತ್ತಿತ್ತು.

ಈಗ ಸ್ವಿಚ್ಚು ಆರನೆಯ ಸೂನೆ. ಒರಳಿನಲ್ಲಿ ಸತ್ತ ಇರುವೆ ಅಮ್ಮಮ್ಮನ ಕಣ್ಣಿಗೆ ಬೀಳುತ್ತಿತ್ತು. ನನ್ನ ಸ್ವಿಚ್ಚಿನದು ಬೀಳುವುದಿಲ್ಲ. ತಂತಿಯಲ್ಲಿ ಎಲ್ಲವೂ ಬೆರೆತೇ ಬರುತ್ತದೆ. ರಾಯಚೂರಿನದು ಕಲ್ಲಿದ್ದಲು, ನಮ್ಮ ದೇಶದ ಕಲ್ಲಿದ್ದಲನ್ನು ಉರಿಸಿದರೆ ಮೂರರಲ್ಲೊಂದು ಪಾಲು ಬೂದಿಯಾಗಿ ಉಳಿಯುತ್ತದೆ. ಕೈಗಾದ 220 ಮೆಗಾವಾಟಿನ ನಾಲ್ಕು ಅಣು ಘಟಕಗಳಲ್ಲಿ ಹೊಗೆಯಿಲ್ಲ. ಆದರೆ ಉರಿದು ಮುಗಿದ ಇಂಧನವನ್ನು ಇನ್ನೂ ಹುಟ್ಟದ ಮಕ್ಕಳು ಕಾಯಬೇಕು.

ಯಾವುದೂ ಮಡಿಯಲ್ಲ ಅಂದಮೇಲೆ ಆಯುವುದು ಹೇಗೆ? ಯಾವ ಸಾಲವನ್ನು ಮರಳಿಸಬಹುದು ಎಂದು ನೋಡಬೇಕು ಅನ್ನಿಸುತ್ತದೆ. ಮುಳುಗಿದ ಕಣಿವೆಯನ್ನು ಮರಳಿಸಲಾಗದು. ಪಾವಗಡದಲ್ಲಿ ಸುಮಾರು 13,000 ಎಕರೆ ಒಣಭೂಮಿಯ ಮೇಲೆ 2050 ಮೆಗಾವಾಟಿನ ಸೌರ ಪಾರ್ಕು ನಿಂತಿದೆ. ಅಲ್ಲಿ ರೈತರ ಜಮೀನನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಈ ಲೆಕ್ಕದಲ್ಲಿ ನಾನು ಸೂರ್ಯನ ಪಕ್ಷ. ಆದರೆ ಅಲ್ಲೂ ಬಾಡಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವನಿಗೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯವಳಿಗೆ ಪಹಣಿಯೇ ಇಲ್ಲ.

ಮೇಲಾಗಿ ಸೂರ್ಯ ದೀಪ ಹಚ್ಚುವ ಹೊತ್ತಿಗೇ ಮುಳುಗುತ್ತಾನೆ. ಹಗಲಿನ ಕರೆಂಟನ್ನು ರಾತ್ರಿಗೆ ಕೂಡಿಡಬೇಕು. ಅದಕ್ಕೆಂದು ಹಾಕಿದ ಯೋಜನೆಗಳಲ್ಲೊಂದು ಬಂದು ನಿಂತಿರುವುದು ಮತ್ತೆ ಶರಾವತಿಗೇ: ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತಿ, ಬೇಕಾದಾಗ ಇಳಿಸಿ, 2000 ಮೆಗಾವಾಟ್. ಎತ್ತಲು ಖರ್ಚಾಗುವಷ್ಟು ಇಳಿಸುವಾಗ ಸಿಗುವುದಿಲ್ಲ. ನಡುವೆ ಇರುವುದು ಸಿಂಗಳೀಕಗಳ ಕಾಡು.

ದೇಶಕ್ಕೆ ಬೆಳಕು ಬೇಡವೇ ಎಂದು ಕೇಳುತ್ತಾರೆ. ಬೇಕು. ನಾನೂ ಫ್ಯಾನಿನ ಕೆಳಗೆ ಕೂತೇ ಇದನ್ನು ಬರೆಯುತ್ತಿದ್ದೇನೆ. ನನ್ನ ತಕರಾರು ಬಡಿಸುವ ಕ್ರಮದ ಬಗ್ಗೆ. ಹಾಲು ಕೊಟ್ಟ ಹಸುವಿಗೆ ಮೊದಲ ದೋಸೆ ಅನ್ನುವುದು ಅಮ್ಮಮ್ಮನ ಮನೆಯ ಕ್ರಮ. ನೆಲ ಕೊಟ್ಟವರಿಗೆ ನಾವು ಬಡಿಸಿದ್ದು ಕೊನೆಯ ಪಂಕ್ತಿಯಲ್ಲಿ, ಅದೂ ತಣ್ಣಗಾದ ಮೇಲೆ.

ಒಂದು ಬೇಸಿಗೆ ಹಿನ್ನೀರು ಬಹಳ ಇಳಿದಾಗ ಹಳೆಯ ಮನೆಯ ಜಾಗ ಹುಡುಕಿಕೊಂಡು ಹೋದೆ. ಗೋಡೆ ಉಳಿದಿರಲಿಲ್ಲ. ಒರಳಿತ್ತು, ಗುಂಡಿಯ ತುಂಬ ಗಟ್ಟಿ ಕೆಸರು. ಮಳೆಗಾಲಕ್ಕೆ ಮತ್ತೆ ತುಂಬುತ್ತದೆಂದು ಗೊತ್ತಿದ್ದೂ ಕೂತು ಬೆರಳಿನಿಂದ ಪೂರ್ತಿ ಕೆರೆದು ತೆಗೆದೆ.