ತಮ್ಮವರಿಗಷ್ಟೇ ಎದ್ದ ದನಿ

ಹಿಟ್ಲರನ ಎದುರು ಚರ್ಚುಗಳು ಅಸಹಾಯಕವಾಗಿದ್ದವು ಎಂಬ ವಾದವನ್ನು ನಾವು ಕೇಳುತ್ತೇವೆ. ಇತಿಹಾಸ ಅದನ್ನು ಪೂರ್ತಿ ಒಪ್ಪುವುದಿಲ್ಲ. 1941ರ ಆಗಸ್ಟ್ 3ರಂದು ಮ್ಯೂನ್‌ಸ್ಟರ್‌ನ ಕ್ಯಾಥೊಲಿಕ್ ಬಿಷಪ್ ಗ್ಯಾಲೆನ್, ಮಾನಸಿಕ ರೋಗಿಗಳನ್ನು ಕೊಲ್ಲುತ್ತಿದ್ದ ಸರಕಾರವನ್ನು ಚರ್ಚಿನಲ್ಲೇ ಖಂಡಿಸಿದರು. ಅದೇ ತಿಂಗಳು ಹಿಟ್ಲರ್ ವಿಷಾನಿಲದ ಆ ಯೋಜನೆಯನ್ನು ನಿಲ್ಲಿಸಲು ಆದೇಶಿಸಿದ. ಕೊಲೆಗಳು ಗುಟ್ಟಾಗಿ ಮುಂದುವರಿದವು, ನಿಜ. ಆದರೂ ಚರ್ಚಿನ ದನಿಗೆ ಬಲವಿತ್ತು.

ಯಹೂದಿಗಳನ್ನು ಸಾಗಿಸುವಾಗ ಆ ದನಿ ಹಾಗೆ ಏಳಲಿಲ್ಲ. ಅವರಿಗಾಗಿ ಬಹಿರಂಗವಾಗಿ ಪ್ರಾರ್ಥಿಸಿದ ಬರ್ಲಿನ್ನಿನ ಪಾದ್ರಿ ಲಿಖ್ಟೆನ್‌ಬರ್ಗ್ ಜೈಲು ಸೇರಿ, 1943ರಲ್ಲಿ ಡಾಖಾವ್ ಯಾತನಾ ಶಿಬಿರದ ದಾರಿಯಲ್ಲೇ ತೀರಿಕೊಂಡರು. ಅಂಥವರು ವಿರಳ. ಪ್ರೊಟೆಸ್ಟಂಟ್ ನಾಯಕರ 1945ರ ಸ್ಟುಟ್‌ಗಾರ್ಟ್ ತಪ್ಪೊಪ್ಪಿಗೆಯಲ್ಲೂ ಯಹೂದಿಗಳ ಹೆಸರಿಲ್ಲ.

ರೋಗಿ ತಮ್ಮ ಮನೆಯವನು, ಯಹೂದಿ ಹೊರಗಿನವನು ಎಂಬ ಲೆಕ್ಕಾಚಾರ ಇಲ್ಲಿ ಕೆಲಸ ಮಾಡಿರಬೇಕು. ತಮ್ಮವರಿಗಾಗಿ ಎಲ್ಲರೂ ಮರುಗುತ್ತಾರೆ. ಧರ್ಮದ ನಿಜವಾದ ಪರೀಕ್ಷೆ ಪರರಿಗೆ ಅನ್ಯಾಯವಾದಾಗ. ಆ ಪರೀಕ್ಷೆಯಿಂದ ನಮಗಾರಿಗೂ ವಿನಾಯಿತಿಯಿಲ್ಲ.