ಇಂದಿನ ಧಮ್ಮ ಚಿಂತನೆ: ಜಿಗಿಯುವ ಮಗು, ನಮ್ಮ ಮಾತು



ಕಡೂರು, ತರೀಕೆರೆ, ಅಜ್ಜಂಪುರದ ಧಮ್ಮ ಬಂಧುಗಳೇ,

ನಮ್ಮ ಭಾನುವಾರದ ವಂದನೆಗೆ ಒಬ್ಬ ತಾಯಿ ಆರು ವರ್ಷದ ಮಗನನ್ನು ಕರೆತರುತ್ತಿದ್ದರು. ಕರೆದರೆ ಅವನು ತಿರುಗಿ ನೋಡುವುದಿಲ್ಲ. ಮೈಕಿನ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾನೆ, ನಿಂತಲ್ಲೇ ಜಿಗಿಯುತ್ತಾನೆ. ಅವನಿಗೆ ಆಟಿಸಂ ಇದೆ. ಒಂದು ದಿನ ಹಿಂದೆ ಕೂತವರು ಯಾರೋ "ಯಾವ ಜನ್ಮದ ಕರ್ಮವೋ" ಅಂದರು. ತಾಯಿಗೆ ಕೇಳಿಸಿತು. ನನಗೂ ಕೇಳಿಸಿತು, ನಾನು ಸುಮ್ಮನಿದ್ದೆ. ಮುಂದಿನ ವಾರದಿಂದ ಅವರು ಬರಲಿಲ್ಲ.

ಕೇರಿಯಲ್ಲಿ ಹುಟ್ಟಿದ್ದು ಹಿಂದಿನ ಜನ್ಮದ ಪಾಪ ಎಂದು ನಮ್ಮ ಅಜ್ಜ ಅಜ್ಜಿಯರಿಗೆ ಹೇಳಿದ್ದೂ ಇದೇ ಮಾತು. 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಲ್ಲಿ ಬಾಬಾಸಾಹೇಬರು ಈ ಹಿಂದಿನ ಜನ್ಮದ ಕರ್ಮದ ಲೆಕ್ಕವನ್ನು ಒಪ್ಪಲಿಲ್ಲ. ನಮ್ಮ ತಲೆಯಿಂದ ಇಳಿಸಿದ ಆ ಹೊರೆಯನ್ನು ಒಂದು ಮಗುವಿನ ತಲೆಗೆ ಹೊರಿಸಬಹುದೇ? ಆಟಿಸಂ ಯಾರ ಪಾಪವೂ ಅಲ್ಲ, ತಾಯಿ ಬೆಳೆಸಿದ್ದರಲ್ಲಿನ ತಪ್ಪೂ ಅಲ್ಲ. ಅದು ಮಿದುಳು ಬೆಳೆಯುವ ರೀತಿಯಲ್ಲಿರುವ ವ್ಯತ್ಯಾಸ.

ಇದನ್ನು ಮಕ್ಕಳಿಗೆ ತಿಳಿಸಲು ಒಂದು ಬೊಂಬೆ ಸಾಕು. ಅಮೆರಿಕದ ಮಕ್ಕಳ ಕಾರ್ಯಕ್ರಮ 'ಸೆಸಮಿ ಸ್ಟ್ರೀಟ್' 2017ರ ಏಪ್ರಿಲ್‌ನಲ್ಲಿ ಜೂಲಿಯಾ ಎಂಬ ಬೊಂಬೆಯನ್ನು ಟಿವಿಗೆ ತಂದಿತು. ಅವಳಿಗೆ ಆಟಿಸಂ. ಬಿಗ್ ಬರ್ಡ್ ಎಂಬ ಹಳದಿ ಹಕ್ಕಿ ಮಾತಾಡಿಸಿದರೂ ಅವಳು ಚಿತ್ರ ಬರೆಯುತ್ತಲೇ ಇರುತ್ತಾಳೆ. ನಾನು ಅವಳಿಗೆ ಇಷ್ಟವಿಲ್ಲವೇನೋ ಎಂದು ಹಕ್ಕಿಗೆ ಬೇಜಾರು. ಅವಳು ಹಾಗೇ, ಉತ್ತರಕ್ಕೆ ಸ್ವಲ್ಪ ಹೊತ್ತು ಬೇಕು ಎಂದು ಉಳಿದವರು ತಿಳಿಸುತ್ತಾರೆ. ಸೈರನ್ ಸದ್ದಿಗೆ ಅವಳು ಕಿವಿ ಮುಚ್ಚಿಕೊಂಡರೆ ಗಲಾಟೆಯಿಲ್ಲದ ಕಡೆ ಕರೆದೊಯ್ಯುತ್ತಾರೆ. ಅವಳು ಖುಷಿಯಿಂದ ಜಿಗಿದಾಗ ಎಲ್ಲರೂ ಜಿಗಿಯುತ್ತಾರೆ, ಅದೇ ಹೊಸ ಆಟವಾಗುತ್ತದೆ. ಆ ಬೊಂಬೆ ಆಡಿಸಿದ ಸ್ಟೇಸಿ ಗಾರ್ಡನ್ ಅವರ ಮಗನಿಗೂ ಆಟಿಸಂ ಇದೆ.

ಇದನ್ನು ಯೂಟ್ಯೂಬಿನಲ್ಲಿ ನನ್ನ ತರಗತಿಗೆ ತೋರಿಸಿ, ಕನ್ನಡದಲ್ಲಿ ಕಥೆ ಹೇಳಿದೆ. ಒಬ್ಬ ಹುಡುಗಿ, "ನಮ್ಮ ಬೀದೀಲೂ ಒಬ್ಬ ಹಿಂಗೇ ಇದಾನೆ ಸಾರ್. ನಾಳೆಯಿಂದ ನಾವೂ ಅವನ ಜೊತೆ ಜಿಗೀತೀವಿ" ಅಂದಳು. ಹತ್ತು ನಿಮಿಷದಲ್ಲಿ ಅವಳು ಕಲಿತದ್ದನ್ನು, ವರ್ಷಗಟ್ಟಲೆ ಪಂಚಶೀಲ ಹೇಳಿದ ನಾವು ಕಲಿತಿರಲಿಲ್ಲ.

ಸಮ್ಯಕ್ ವಾಚ ಎಂದರೆ ನೋಯಿಸುವ ಮಾತು ಆಡದಿರುವುದು. ಅಂಥ ಮಾತು ಕಿವಿಗೆ ಬಿದ್ದಾಗ ತಡೆಯುವುದೂ ನಮ್ಮ ಕೆಲಸವೇ.

ಈ ಭಾನುವಾರ ವಂದನೆಗೆ ಮುಂಚೆ ನಾನು ಆ ತಾಯಿಯ ಮನೆಗೆ ಹೋಗಿ ಕ್ಷಮೆ ಕೇಳುತ್ತೇನೆ. ಜೊತೆಗೆ ಬರುವವರು ಬನ್ನಿ. ಮೈಕ್ ಬೇಡ, ಬಾಯಲ್ಲೇ ತ್ರಿಸರಣ ಹೇಳೋಣ. ಮಗು ಜಿಗಿಯಲಿ.

ಇಂದು ನಿಮ್ಮ ಮನೆಯ ಮಕ್ಕಳ ಜೊತೆ ಕೂತು ಜೂಲಿಯಾಳನ್ನು ನೋಡಿ.

ಭವತು ಸಬ್ಬ ಮಂಗಲಂ.
ಜೈಭೀಮ್.