ಇಂದಿನ ಧಮ್ಮ ಚಿಂತನೆ: ಮರಿಯನ್ನಷ್ಟೇ ನೋಡುವ ಪ್ರೀತಿ





ಹಿಂದವಾಡಿಯ ನಮ್ಮ ಅಧ್ಯಯನ ಬಳಗದ ಯುವ ಮಿತ್ರನೊಬ್ಬ ಕೇಳಿದ ಪ್ರಶ್ನೆ ಇದು: “ಹೆಬ್ಬಾವಿನ ಮರಿಯೊಂದನ್ನು ತಂದು ಸಾಕಿದರೆ ತಪ್ಪೇನು? ಎಲ್ಲರೂ ಕಂಡಲ್ಲಿ ಹೊಡೆಯುವ ಜೀವಿಯನ್ನು ಪ್ರೀತಿಸುವುದೂ ಮೈತ್ರಿಯೇ ಅಲ್ಲವೇ?”

ಪ್ರಶ್ನೆಯೊಳಗೆ ಕರುಣೆ ಇದೆ. ಹಾಗಾಗಿ ಒಂದೇ ಮಾತಿನಲ್ಲಿ ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ.

ಮೊದಲು ಕಾನೂನು. ಖಾನಾಪುರದ ಕಾಡಿನ ನಮ್ಮ ಹೆಬ್ಬಾವಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅದನ್ನು ಹಿಡಿಯುವಂತಿಲ್ಲ, ಮನೆಯಲ್ಲಿ ಸಾಕುವಂತಿಲ್ಲ. ಆದರೆ ಕಾನೂನನ್ನು ಬದಿಗಿಟ್ಟರೂ ಪ್ರಶ್ನೆ ಉಳಿಯುತ್ತದೆ.

ಹಿರಿದಾದ ಹಾವು ಎಂದೇ ಅದಕ್ಕೆ ಹೆಬ್ಬಾವು ಎಂದು ಹೆಸರು. ಮೊಟ್ಟೆಯೊಡೆದು ಬಂದಾಗ ಎರಡು ಅಡಿಯ ಆಸುಪಾಸು ಇರುವ ಮರಿಯ ಹೆಸರಿನಲ್ಲೂ ಮುಂದಿನ ಗಾತ್ರ ಅಡಗಿದೆ. ನಮ್ಮ ಕಾಡಿನದು ಬೆಳೆದು 10 ಅಡಿ ಮುಟ್ಟುವುದು ಸಾಮಾನ್ಯ. ಅಮೆರಿಕದಲ್ಲಿ ಜನ ಹವ್ಯಾಸಕ್ಕೆ ಸಾಕಿದ ಬರ್ಮಾ ಹೆಬ್ಬಾವು 15 ಅಡಿ ದಾಟಬಲ್ಲದು, 20 ವರ್ಷಕ್ಕೂ ಹೆಚ್ಚು ಬದುಕಬಲ್ಲದು. ನಮ್ಮ ಮನೆಯ ಪಡಸಾಲೆಯೇ 12 ಅಡಿ! ಅಲ್ಲಿ ಸಾಕಿದವುಗಳಲ್ಲಿ ಕೆಲವು ತಪ್ಪಿಸಿಕೊಂಡವು, ಕೆಲವನ್ನು ಹೊರೆಯಾಯಿತೆಂದು ಬಿಟ್ಟರು. ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗುನಾಡಿನಲ್ಲಿ ಅವು ಹೆಚ್ಚಿ, ರಕೂನ್ ಎಂಬ ಸಣ್ಣ ಪ್ರಾಣಿ ಕಣ್ಣಿಗೆ ಬೀಳುವುದು ಶೇ. 99ರಷ್ಟು ಇಳಿದಿತ್ತು ಎಂದು 2012ರ ಅಧ್ಯಯನ ಹೇಳಿತು. ಒಂದು ಮರಿಯ ಮೇಲಿನ ಅಕ್ಕರೆಗೆ ಒಂದು ಕಾಡೇ ಬೆಲೆ ತೆತ್ತಿತು.

ಊಟದ ಮಾತೂ ಇದೆ. ಕಾಡಿನಲ್ಲಿ ಹೆಬ್ಬಾವು ಬೇಟೆಯಾಡುವುದು ಅದರ ಬದುಕು. ಮನೆಯಲ್ಲಾದರೆ ಇಲಿಯನ್ನೋ ಮೊಲವನ್ನೋ ತಂದು ಕೊಡಬೇಕಾದವರು ನಾವು. ಮೊದಲನೇ ಶೀಲವನ್ನು ದಿನವೂ ಹೇಳುವ ಕೈಗಳೇ ಇದನ್ನು ವರ್ಷಗಟ್ಟಲೆ ಮಾಡಬೇಕು.

ಜಾತಕ ಕಥೆಗಳಲ್ಲಿ 43ನೆಯದು ವೇಳುಕ ಜಾತಕ. ತಾಪಸನೊಬ್ಬ ವಿಷದ ಹಾವಿನ ಮರಿಯೊಂದನ್ನು ಮಗನಂತೆ ಸಾಕಿ, ಬಿದಿರಿನ ಕೊಳವೆಯಲ್ಲಿ ಇಟ್ಟಿದ್ದ. ಬಿಟ್ಟುಬಿಡು ಎಂದು ಗುರು ಹೇಳಿದರೂ ಕೇಳಲಿಲ್ಲ. ಒಮ್ಮೆ ಹಣ್ಣು ತರಲು ಕಾಡಿಗೆ ಹೋದವನು ಎರಡು ಮೂರು ದಿನ ಅಲ್ಲೇ ಉಳಿದ. ಮರಳಿ ಬಂದು, ಹಸಿದಿರಬೇಕು ಎಂದು ಅಕ್ಕರೆಯಿಂದ ಕೈ ಚಾಚಿದ. ಹಾವು ಕಚ್ಚಿತು, ಅವನು ಸತ್ತ.

ಹಿತವಚನ ಕೇಳದವನ ಕಥೆಯೆಂದು ಇದನ್ನು ಹೇಳುವುದು ರೂಢಿ. ನನಗೆ ಕಾಡುವುದು ಆ ಕೊಳವೆ. ಹಾವು ದ್ರೋಹ ಮಾಡಲಿಲ್ಲ, ಅದು ಹಸಿದಿತ್ತು, ಬಂಧನದಲ್ಲಿತ್ತು. ತಾಪಸನ ಪ್ರೀತಿಯೂ ಸುಳ್ಳಲ್ಲ. ಆದರೆ ಕಡಿದ ಬಿದಿರು ಬೆಳೆಯುವುದಿಲ್ಲ, ಹಾವು ಬೆಳೆಯುತ್ತದೆ. ಆ ಪ್ರೀತಿಯಲ್ಲಿ ಅದು ಬೆಳೆಯಲು ಜಾಗವೇ ಇರಲಿಲ್ಲ.

ಮೈತ್ರಿಗೆ ಹತ್ತಿರದ ಶತ್ರು ರಾಗ ಎಂದು ಬುದ್ಧಘೋಷರು ವಿಸುದ್ಧಿಮಗ್ಗದಲ್ಲಿ ವಿವರಿಸುತ್ತಾರೆ. ದ್ವೇಷವನ್ನು ನಾವು ದೂರದಿಂದಲೇ ಗುರುತಿಸುತ್ತೇವೆ. ರಾಗ ಮಾತ್ರ ಮೈತ್ರಿಯ ಉಡುಪಿನಲ್ಲೇ ಬರುತ್ತದೆ. “ಇದು ಸುಖವಾಗಿರಲಿ” ಎನ್ನುವುದು ಮೈತ್ರಿ, “ಇದು ನನ್ನ ಬಳಿ ಇರಲಿ” ಎನ್ನುವುದು ರಾಗ. ನಾಯಿ ಬೆಕ್ಕುಗಳ ವಿಷಯದಲ್ಲಿ ಎರಡೂ ಒಟ್ಟಿಗೆ ನಡೆಯಬಹುದು. ಹೆಬ್ಬಾವಿನ ವಿಷಯದಲ್ಲಿ ಬೇರೆ ಬೇರೆ ದಾರಿ ಹಿಡಿಯುತ್ತವೆ.

ಹಾಗಾದರೆ ಹೊರದೇಶದ ಹಾವನ್ನು ಈಗಾಗಲೇ ಸಾಕಿದವರು? ಅವರು ಅದನ್ನು ಖಾನಾಪುರದ ಕಾಡಿಗೆ ಬಿಟ್ಟು ಬರುವುದು ಬಿಡುಗಡೆಯಲ್ಲ. ಅದರಿಂದ ಆ ಹಾವಿಗೂ ಕೇಡು, ಅಲ್ಲಿನ ಜೀವಿಗಳಿಗೂ ಕೇಡು. ಅರಣ್ಯ ಇಲಾಖೆಗೆ ತಿಳಿಸಿ, ನೋಂದಣಿ ಮಾಡಿಸಿ, ಅದರ ಕೊನೆಯ ದಿನದವರೆಗೂ ನೋಡಿಕೊಳ್ಳುವುದೇ ಅವರ ಪಾಲಿನ ಧಮ್ಮ. ತರುವ ಮುನ್ನ ಮಾಡಬೇಕಿದ್ದ ಲೆಕ್ಕವನ್ನು ತಂದ ಮೇಲಾದರೂ ಮಾಡಬೇಕು.

ಯುವ ಮಿತ್ರನಿಗೆ ನನ್ನ ಉತ್ತರ: ತಮ್ಮಾ, ನಿನ್ನ ಕರುಣೆ ದೊಡ್ಡದು, ಅದಕ್ಕೆ ಗಾಜಿನ ಪೆಟ್ಟಿಗೆ ಸಾಲದು. ಹೊಲದಲ್ಲಿ ಹೆಬ್ಬಾವು ಕಂಡಾಗ ಬಡಿಗೆ ಎತ್ತಿದವರ ಕೈ ತಡೆ, ಇಲಾಖೆಯವರು ಬರುವವರೆಗೆ ಕಾವಲು ನಿಲ್ಲು. ಅದು ಹರಿದು ಹೋಗಲಿ. ನಿನ್ನನ್ನು ಅದು ತಿರುಗಿ ನೋಡದಿದ್ದರೂ ನಿನ್ನ ಮೈತ್ರಿ ಕಡಿಮೆಯಾಗುವುದಿಲ್ಲ.

🌷 *ಇಂದಿನ ಅಭ್ಯಾಸ:* ನೀವು ಪ್ರೀತಿಯಿಂದ ಹಿಡಿದಿಟ್ಟುಕೊಂಡ ಒಂದು ಜೀವವನ್ನು ನೆನೆಯಿರಿ. ಅದು ಪೂರ್ತಿ ಬೆಳೆದಾಗ ಎಷ್ಟು ಜಾಗ ಬೇಕು? ಅಷ್ಟು ಜಾಗ ನಿಮ್ಮ ಪ್ರೀತಿಯಲ್ಲಿ ಇದೆಯೇ?

ಭವತು ಸಬ್ಬ ಮಂಗಲಂ 🙏